ಅರ್ಥಶಾಸ್ತ್ರ, ಸಾರ್ವಜನಿಕ ನೀತಿ ಎರಡೂ ಸೇರಿದ ಪಿಎಚ್‌ಡಿ: ಅರ್ಜಿ ಹಾಕುವವರ ಗಮನಕ್ಕೆ

ಗೆಳೆಯರೇ, ಅಮೆರಿಕಕ್ಕೆ ಅರ್ಜಿ ಹಾಕುವವರು ಸುಮ್ನೆ ಹೆಸರು ನೋಡಿ ಆರಿಸಬೇಡಿ. ಮೊದಲ ವರ್ಷ ಏನೇನು ಓದಿಸುತ್ತಾರೆ ಅಂತ ನೋಡಿ. ಉದಾಹರಣೆಗೆ, ಮಿಷಿಗನ್ ವಿಶ್ವವಿದ್ಯಾಲಯದ ಸಾರ್ವಜನಿಕ ನೀತಿ ಶಾಲೆಯಾದ ಫೋರ್ಡ್ ಸ್ಕೂಲಿನಲ್ಲಿ, ಸಾರ್ವಜನಿಕ ನೀತಿಯ ಜೊತೆ ಅರ್ಥಶಾಸ್ತ್ರದಂಥ ಇನ್ನೊಂದು ವಿಷಯ ಸೇರಿಸಿ ಓದುವ ಜಂಟಿ ಪಿಎಚ್‌ಡಿ ಇದೆ. ಅಲ್ಲಿ ಅರ್ಥಶಾಸ್ತ್ರ ಆರಿಸಿಕೊಂಡರೆ ಆ ವಿಭಾಗದವರ ಜೊತೆಗೇ ಕೂತು ಮೈಕ್ರೋ (ವ್ಯಕ್ತಿ, ಸಂಸ್ಥೆಗಳ ಮಟ್ಟದ ಅರ್ಥಶಾಸ್ತ್ರ), ಮ್ಯಾಕ್ರೋ (ಇಡೀ ದೇಶದ ಮಟ್ಟದ್ದು), ಎಕನಾಮೆಟ್ರಿಕ್ಸ್ (ಅರ್ಥಶಾಸ್ತ್ರಕ್ಕೆ ಬೇಕಾದ ಸಂಖ್ಯಾಶಾಸ್ತ್ರ) ಓದಬೇಕು. ಮುಂದೆ ಅರ್ಥಶಾಸ್ತ್ರ ವಿಭಾಗದಲ್ಲೇ ಪಾಠ ಮಾಡುವ ಆಸೆ ಇರುವವರಿಗೆ ನನ್ನ ಪ್ರಕಾರ ಇಂಥದ್ದೇ ಸರಿ. ಗಣಿತ ಈಗಲೇ ಗಟ್ಟಿ ಮಾಡಿಕೊಳ್ಳಿ, ರಿಯಲ್ ಅನಾಲಿಸಿಸ್ (ಕ್ಯಾಲ್ಕುಲಸ್‌ನ ಬುಡವನ್ನು ಸಾಧನೆ ಸಮೇತ ಕಲಿಸುವ ಗಣಿತ) ಬಿಡಬೇಡಿ.

ನಿಮ್ಮ ವಿಷಯಕ್ಕೆ ಒಬ್ಬರೇ ಮಾರ್ಗದರ್ಶಕರಿದ್ದು, ಅವರೂ ಬೇರೆ ಕಡೆ ಹೋದರೆ ಕಷ್ಟ ಅಲ್ವಾ? ಇಬ್ಬರು ಮೂವರು ಇರುವ ಕಡೆ ನೋಡಿ.

ನಮ್ಮ ಪಂಚಾಯಿತಿಗಳ ಹಣಕಾಸಿನಂಥ ವಿಷಯ ಮನಸ್ಸಿನಲ್ಲಿದ್ದರೆ ಬೆಂಗಳೂರಿನ ನಾಗರಭಾವಿಯ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ) ಅನ್ನೂ ಪಟ್ಟಿಗೆ ಸೇರಿಸಿ. 1972ರಲ್ಲಿ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಕಟ್ಟಿದ ಸಂಸ್ಥೆ ಅದು.

ಅಮೆರಿಕದ ಹೆಚ್ಚಿನ ಗಡುವುಗಳು ಡಿಸೆಂಬರ್ ಆಸುಪಾಸು. ಶಿಫಾರಸು ಪತ್ರಕ್ಕೆ ಮೇಷ್ಟ್ರನ್ನು ಸೆಪ್ಟೆಂಬರಿನಲ್ಲೇ ಕೇಳಿಬಿಡಿ.