ಬಡಿದವರಿಗೆ, ಕೆರೆದವರಿಗೆ, ಕಾದವರಿಗೆ

ರಾಜ್ಯೋತ್ಸವದ ದಿನ ಬೆಳಿಗ್ಗೆ ಬಸವನಗುಡಿಯ ನಮ್ಮ ವಾಚನಾಲಯದ ಬಾಗಿಲು ಮತ್ತೆ ತೆರೆಯಿತು. ರಿಪೇರಿಗೆಂದು ಮುಚ್ಚಿ ಹತ್ತು ತಿಂಗಳಾಗಿತ್ತು. ಹಸ್ತ ಮಳೆ, ಚಿತ್ತೆ ಮಳೆ ಎರಡೂ ತಾರಸಿಯ ಮೇಲೆ ಸುರಿದು ಹೋದವು. ಒಳಗೆ ಒಂದು ಹನಿ ಬೀಳಲಿಲ್ಲ. ಅದನ್ನು ಕಣ್ಣಾರೆ ನೋಡಿಯೇ ಬರೆಯೋಣ ಎಂದು ಕಾದಿದ್ದೆವು. ಮಳೆಗಾಲಕ್ಕೆ ಮುಂಚೆ ಮೇಸ್ತ್ರಿಗೆ ಹಾರ ಹಾಕಬಾರದು.

ಹಣ ಕೊಟ್ಟವರ ಹೆಸರು, ಖರ್ಚಿನ ಲೆಕ್ಕ ಎರಡೂ ಜಗಲಿಯ ಬೋರ್ಡಿನಲ್ಲಿವೆ. ಇಲ್ಲಿ ಬರೆಯುತ್ತಿರುವುದು ಬೇರೆ ಲೆಕ್ಕ: ಏನು ಕೆಟ್ಟಿತ್ತು, ಏಕೆ ಕೆಟ್ಟಿತ್ತು, ಯಾರ ಕೈ ಅದನ್ನು ಹೇಗೆ ಸರಿಮಾಡಿತು. 1898ರ ಪ್ಲೇಗಿನ ನಂತರ ಬೆಳೆದ ಬಡಾವಣೆಗಳು ಬಸವನಗುಡಿ, ಮಲ್ಲೇಶ್ವರ. ಸುಣ್ಣದ ಗಾರೆ, ಸಾಗುವಾನಿ ಜಂತೆ (ತಾರಸಿ ಹೊರುವ ತೊಲೆ), ಮಂಗಳೂರು ಹೆಂಚಿನ ಮನೆಗಳು ಇಲ್ಲಿ ಇನ್ನೂ ಉಳಿದಿವೆ. ಅಂಥ ಮನೆಯಲ್ಲಿರುವವರಿಗೂ ಇದು ಉಪಯೋಗಕ್ಕೆ ಬಂದೀತು.

ಮೊದಲ ನಮಸ್ಕಾರ ನಮಗೆ "ಬೇಡ" ಎಂದ ಸ್ಟ್ರಕ್ಚರಲ್ ಎಂಜಿನಿಯರ್ ಅವರಿಗೆ. ಸೋರುವ ತಾರಸಿಗೆ ಇನ್ನೊಂದು ವಾಟರ್‌ಪ್ರೂಫ್ ಪದರ ಬಳಿಸಲು ಕೊಟೇಶನ್ ಕೈಯಲ್ಲಿ ಹಿಡಿದು ನಿಂತಿದ್ದೆವು. ಅವರು ಒಂದು ಮೂಲೆಯಲ್ಲಿ ಅರ್ಧ ಅಡಿ ಚೌಕ ಕತ್ತರಿಸಿ ತೋರಿಸಿದರು. ಮೂಲ ಗಾರೆಯ ಮೇಲೆ ಸಿಮೆಂಟ್, ಅದರ ಮೇಲೆ ರಬ್ಬರಿನಂಥ ಲೇಪ, ಅದರ ಮೇಲೆ ಬಿಳಿ ಟೈಲ್ ಚೂರು, ಮತ್ತೆ ಸಿಮೆಂಟ್. ಪ್ರತಿ ಸಲ ಸೋರಿದಾಗಲೂ ಯಾರೋ ಒಂದು ಪದರ ಸೇರಿಸಿ ಹೋಗಿದ್ದರು. ಒಟ್ಟು ನಾಲ್ಕೂವರೆ ಇಂಚು. ಒಂದು ಚದರ ಮೀಟರಿಗೆ ಒಂದು ಇಂಚು ಸಿಮೆಂಟ್ ಗಾರೆ ಎಂದರೆ ಸುಮಾರು 50 ಕೆಜಿ. ಅಂದರೆ ಪ್ರತಿ ಚದರ ಮೀಟರಿನ ಮೇಲೂ 225 ಕೆಜಿ, ಮೂರು ದಪ್ಪ ಆಳುಗಳು ಹಗಲೂ ರಾತ್ರಿ ಇಳಿಯದೆ ನಿಂತ ಹಾಗೆ. ಜಂತೆಗಳು ಬಗ್ಗಿದ್ದವು, ಬಗ್ಗಿದಲ್ಲಿ ನೀರು ನಿಲ್ಲುತ್ತಿತ್ತು, ನೀರು ನಿಂತಿದ್ದರಿಂದ ಮತ್ತೊಂದು ಪದರ. ಈ ಕಟ್ಟಡವನ್ನು ಮಳೆಗಿಂತ ಹೆಚ್ಚು ಕೆಡಿಸಿದ್ದು ರಿಪೇರಿ. ಹಾಗಾಗಿ ಹೊಸದಾಗಿ ಹಾಕಿದವರಿಗಿಂತ ಹಾಕಿದ್ದನ್ನು ಕಿತ್ತವರಿಗೆ ನಾವು ಹೆಚ್ಚು ಋಣಿ.

ಕಿತ್ತವರು ಆರು ಜನ, ಐದು ವಾರ. ಬ್ರೇಕರ್ ಮೆಷಿನ್ ಹಚ್ಚಿದ್ದರೆ ನಾಲ್ಕು ದಿನದ ಕೆಲಸ. ಆದರೆ ನಮ್ಮದು ಹಳೇ ಮದ್ರಾಸ್ ತಾರಸಿ, ಅದರ ಕಟ್ಟು ಎಂಥದ್ದು ನೋಡಿ: ಒಂದೂವರೆ ಅಡಿಗೊಂದರಂತೆ ಸಾಗುವಾನಿ ಜಂತೆ, ಅವುಗಳ ಮೇಲೆ ಮೂಲೆಯಿಂದ ಮೂಲೆಗೆ ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿದ ತೆಳು ಇಟ್ಟಿಗೆ, ಅದರ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಕಾಂಕ್ರೀಟ್, ಕೊನೆಗೆ ಚಪ್ಪಟೆ ಬಿಲ್ಲೆ. ಆ ಇಟ್ಟಿಗೆಗಳನ್ನು ಹಿಡಿದಿರುವುದು ಸುಣ್ಣದ ಗಾರೆ ಒಂದೇ. ಕಂಬಿ ಇಲ್ಲ. ಮೆಷಿನ್ ಅದುರಿದರೆ ಗಾರೆ ಬಿಡುತ್ತದೆ, ಒಂದು ಇಟ್ಟಿಗೆ ಜಾರಿದರೆ ಸಾಲು ಜಾರುತ್ತದೆ. ಆದ್ದರಿಂದ ಉಳಿ, ಸುತ್ತಿಗೆ, ಬಾಣಲಿ. ಕೆಳಗೆ ಜಾಕಿ ಕೊಟ್ಟ ಭಾಗದ ಮೇಲೆ ಮಾತ್ರ ಕೆಲಸ, ಕಿತ್ತ ಚೂರನ್ನು ಅಂದಂದೇ ಇಳಿಸುವುದು. ಚೂರು ಒಂದೇ ಕಡೆ ಗುಡ್ಡೆ ಹಾಕಿದರೆ ಅದೇ ಹೊಸ ಭಾರ. ಅದನ್ನು ಒಂದು ದಿನವೂ ಮರೆಯದ ಆ ಆರು ಜನರಿಗೆ ಸಾಷ್ಟಾಂಗ.

ಸೋರಿಕೆ ಎಲ್ಲಿಂದ ಎಂದು ಹುಡುಕಿದ ಪ್ಲಂಬರ್ ಅಣ್ಣನಿಗೂ ಅಷ್ಟೇ. ಒಳಗೆ ನೀರಿನ ಕಲೆ ಇದ್ದದ್ದು ಹಾಲ್‌ನ ನಡುವೆ. ಪೈಪಿನಲ್ಲಿ ಒಂದೊಂದು ಭಾಗಕ್ಕೆ ಅರ್ಧ ಗಂಟೆ ನೀರು ಬಿಡುತ್ತಾ, ಕೆಳಗೆ ಒಬ್ಬರನ್ನು ಟಾರ್ಚ್ ಹಿಡಿದು ನಿಲ್ಲಿಸಿ ನೋಡಿದರೆ ನೀರು ಇಳಿಯುತ್ತಿದ್ದದ್ದು ಹನ್ನೆರಡು ಅಡಿ ಆಚೆ, ಪ್ಯಾರಪೆಟ್ ಗೋಡೆ ತಾರಸಿಗೆ ಕೂಡುವ ಸಂದಿಯಲ್ಲಿ. ಅಲ್ಲಿಂದ ಲೇಪದ ಅಡಿಯಲ್ಲೇ ಹರಿದು, ಜಂತೆ ಬಗ್ಗಿದ ಕಡೆ ಇಳಿಯುತ್ತಿತ್ತು. ಸಂದಿಯಲ್ಲಿ ಒಂದು ಅರಳಿ ಸಸಿ ಬೇರೆ. ಅದನ್ನು ಎಳೆದು ಕೀಳಬಾರದು, ಬೇರು ಇಟ್ಟಿಗೆಯನ್ನೂ ಜೊತೆಗೆ ತರುತ್ತದೆ. ಬುಡಕ್ಕೆ ಕತ್ತರಿಸಿ, ಗೋಡೆಯ ಎರಡು ವರಸೆ ಬಿಚ್ಚಿ, ಬೇರು ತೆಗೆದು, ಮತ್ತೆ ಕಟ್ಟಿದ್ದಾಯಿತು. ಮಳೆನೀರಿನ ಕಿಂಡಿಗಳು 3 ಇಂಚಿನವು ಎರಡೇ ಇದ್ದವು. 90 ಚದರ ಮೀಟರ್ ತಾರಸಿಗೆ ಅದು ಸಾಲದು. ಈಗ 4 ಇಂಚಿನವು ಮೂರು. ಒಂದು ಕಟ್ಟಿಕೊಂಡರೂ ಎರಡು ಇರುತ್ತವೆ.

ಸುಣ್ಣದ ವಿಷಯಕ್ಕೆ ಬಂದರೆ ಸ್ವಲ್ಪ ಉದ್ದವಾಗುತ್ತದೆ, ಕ್ಷಮಿಸಿ. ಈ ಇಡೀ ಕೆಲಸದ ಜೀವ ಅದರಲ್ಲೇ ಇದೆ.

ಸುಟ್ಟ ಸುಣ್ಣದ ಗಟ್ಟಿಗಳನ್ನು ಜನವರಿಯಲ್ಲೇ ತರಿಸಿ ಹಿತ್ತಲಿನ ತೊಟ್ಟಿಯಲ್ಲಿ ಅರಳಿಸಿದರು. ತೊಟ್ಟಿಯಲ್ಲಿ ಮೊದಲು ನೀರು, ಆಮೇಲೆ ಸುಣ್ಣ, ಅದೂ ಸ್ವಲ್ಪ ಸ್ವಲ್ಪವಾಗಿ. ಉಲ್ಟಾ ಮಾಡಿದರೆ, ಅಂದರೆ ಸುಣ್ಣದ ರಾಶಿಯ ಮೇಲೆ ನೀರು ಸುರಿದರೆ, ಕುದಿದು ಮುಖಕ್ಕೆ ಸಿಡಿಯುತ್ತದೆ. ಕಣ್ಣಿಗೆ ಬಿದ್ದರೆ ಕಣ್ಣೇ ಹೋದೀತು. ಕನ್ನಡಕ, ಕೈಗವಸು ಇಲ್ಲದೆ ಯಾರನ್ನೂ ತೊಟ್ಟಿಯ ಹತ್ತಿರ ಬಿಡದ ಮೇಸ್ತ್ರಿಯ ಗದರಿಕೆಗೂ ಒಂದು ಧನ್ಯವಾದ ಸಲ್ಲಬೇಕು. ಕುದಿ ನಿಂತ ಮೇಲೆ ಜಾಲರಿಯಲ್ಲಿ ಸೋಸಿ, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಎರಡು ತಿಂಗಳು ಬಿಟ್ಟರು. ಅವಸರ ಮಾಡಿದರೆ ಒಳಗೆ ಅರಳದ ಕಾಳು ಉಳಿಯುತ್ತದೆ. ಅದು ಗೋಡೆಗೆ ಹೋದ ಎಷ್ಟೋ ದಿನದ ಮೇಲೆ ತೇವ ಕುಡಿದು ಉಬ್ಬಿ, ಗಾರೆಯನ್ನು ನಾಣ್ಯದಗಲ ಹಾರಿಸುತ್ತದೆ. ಎರಡು ತಿಂಗಳಾದ ಸುಣ್ಣ ಕರಣೆಗೆ ಬೆಣ್ಣೆಯ ಹಾಗೆ ಅಂಟಿತ್ತು.

ತಾರಸಿಯ ಕಾಂಕ್ರೀಟಿಗೆ ಇಟ್ಟಿಗೆ ಜಲ್ಲಿ ಎರಡೂವರೆ ಪಾಲು, ಸುಣ್ಣ ಒಂದು ಪಾಲು. ಜಲ್ಲಿಯನ್ನು ಹಿಂದಿನ ರಾತ್ರಿಯೇ ನೆನೆಸಿಡಬೇಕು, ಇಲ್ಲದಿದ್ದರೆ ಒಣ ಇಟ್ಟಿಗೆ ಸುಣ್ಣದ ನೀರನ್ನೆಲ್ಲ ಹೀರಿಬಿಡುತ್ತದೆ. ನಾಲ್ಕು ಇಂಚು ಹರಡಿ, ಮೂರು ಇಂಚಿಗೆ ಇಳಿಯುವ ತನಕ ಮರದ ಹಲಗೆಯಿಂದ ಬಡಿಯಬೇಕು. ಬಡಿದವರು ಹದಿನಾಲ್ಕು ಹೆಣ್ಣುಮಕ್ಕಳು. ಎರಡು ಸಾಲಾಗಿ ಎದುರುಬದುರು ಕುಕ್ಕರುಗಾಲಲ್ಲಿ ಕೂತು, ಒಂದು ಸಾಲು ಏಳುವಾಗ ಇನ್ನೊಂದು ಬೀಳುವ ಹಾಗೆ ತಾಳ ಹಿಡಿದು, ಅಳಲೆಕಾಯಿ ಮತ್ತು ಬೆಲ್ಲ ಕೊಳೆಸಿದ ನೀರು ಚಿಮುಕಿಸುತ್ತಾ ಏಳು ದಿನ ಬಡಿದರು. ಸಾಕಾಯಿತು ಎನ್ನುವುದಕ್ಕೆ ಗುರುತು ಎರಡು. ಹಲಗೆ ತಟ್ಟಿದರೆ ಚಿಮ್ಮಿ ವಾಪಸ್ ಬರಬೇಕು. ಸಣ್ಣ ಕುಳಿ ತೋಡಿ ಸುಣ್ಣದ ನೀರು ತುಂಬಿದರೆ ಅದು ಇಂಗದೆ ನಿಲ್ಲಬೇಕು. ಆರನೇ ದಿನ ನಮಗೆ ಸಾಕೆನಿಸಿತ್ತು. ಕುಳಿಯ ನೀರು ಇಳಿಯಿತು. "ಇನ್ನೊಂದು ದಿನ ಬೇಕು ಸಾರ್" ಎಂದು ಹಲಗೆ ಎತ್ತಿಕೊಂಡವರು ಅವರೇ. ಬೆನ್ನು ಯಾರದ್ದು, ಮಾತು ಯಾರದ್ದು ಎಂದು ಗಮನಿಸಿ.

ಆಮೇಲೆ ಹತ್ತು ದಿನ ಒದ್ದೆ ಗೋಣಿಚೀಲ. ಸುಣ್ಣ ಒಣಗಿ ಗಟ್ಟಿಯಾಗುವುದಿಲ್ಲ, ಗಾಳಿಯ ಇಂಗಾಲದ ಡೈಆಕ್ಸೈಡ್ ಕುಡಿದು ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ಅದಕ್ಕೆ ತೇವ ಬೇಕು. ಏಪ್ರಿಲ್ ಬಿಸಿಲಿನಲ್ಲಿ ಮೂರು ಗಂಟೆಗೊಮ್ಮೆ ನೀರು ಹಾಕಬೇಕಾಗಿತ್ತು. ಪಾಳಿ ಹಚ್ಚಿಕೊಂಡು ಹಾಕಿದ ಕಾಲೇಜು ಹುಡುಗ ಹುಡುಗಿಯರೇ, ತಾರಸಿಯಲ್ಲಿ ಎಲ್ಲೂ ಬಿರುಕು ಬಿಟ್ಟಿಲ್ಲ, ಬಂದು ನೋಡಿ. ಬಿಲ್ಲೆ ಎರಡು ವರಸೆ ಕೂರಿಸಿ ಸಂದಿ ತುಂಬುವಷ್ಟರಲ್ಲಿ ಭರಣಿ ಮಳೆ ಬಂತು. ಅವತ್ತು ರಾತ್ರಿ ಹನ್ನೊಂದಕ್ಕೆ ಟಾರ್ಪಾಲಿನ್ ಹೊದಿಸಲು ಏಣಿ ಹತ್ತಿದ ಬೀದಿಯ ಹೋಟೆಲಿನ ಹುಡುಗರಿಗೆ, ಕಾಫಿ ನಮ್ಮ ಲೆಕ್ಕ.

ಬಡಗಿಯವರು ಮಾಡಿದ್ದು ಯಾರಿಗೂ ಕಾಣುವುದಿಲ್ಲ. ಜಂತೆಯ ನಡುಭಾಗ ಚೆನ್ನಾಗಿಯೇ ಇತ್ತು, ಸ್ಕ್ರೂಡ್ರೈವರ್ ಒತ್ತಿದರೆ ಇಳಿಯದು. ಗೋಡೆಯೊಳಗೆ ಕೂತ ತುದಿಗಳಲ್ಲಿ ಮಾತ್ರ ಹಿಡಿ ತನಕ ಇಳಿಯಿತು. ಯಾವಾಗಲೋ ಜಂತೆ ಕೂರುವ ಗೂಡಿನ ಸುತ್ತ ಸಿಮೆಂಟ್ ಮೆತ್ತಿದ್ದರು. ಉಸಿರಾಡಲು ಜಾಗವಿಲ್ಲದೆ ತುದಿ ಕೊಳೆತು, ಹಿಂದೆಯೇ ಗೆದ್ದಲು. 22 ಜಂತೆಗಳಲ್ಲಿ 9ಕ್ಕೆ ಹೀಗಾಗಿತ್ತು. ಪೂರ್ತಿ ಬದಲಿಸಿ ಎಂದವರೇ ಹೆಚ್ಚು. ಇವರು ಗಟ್ಟಿ ಮರ ಸಿಗುವವರೆಗೆ ಮಾತ್ರ ಕತ್ತರಿಸಿ, ಹಳೇ ಬಾಗಿಲಿನ ಸಾಗುವಾನಿ ತುಂಡು ಜೋಡಿಸಿ, ಎರಡೂ ಬದಿ 6 ಮಿಮೀ ಉಕ್ಕಿನ ಪಟ್ಟಿ ಇಟ್ಟು 12 ಮಿಮೀ ಬೋಲ್ಟ್ ಬಿಗಿದರು. ತುದಿಯ ಅಡಿಗೆ ಕಲ್ಲು ಬಿಲ್ಲೆ, ಸುತ್ತ ಒಂದು ಇಂಚು ಖಾಲಿ. ಆ ಖಾಲಿ ಜಾಗವನ್ನು ನೋಡಿ ಯಾರಾದರೂ ಒಳ್ಳೆಯ ಮನಸ್ಸಿನಿಂದ ಸಿಮೆಂಟ್ ತುಂಬಿಯಾರು ಎಂಬ ಭಯದಿಂದ ಪಕ್ಕದಲ್ಲೇ "ಮುಚ್ಚಬೇಡಿ" ಎಂದು ಬಣ್ಣದಲ್ಲಿ ಬರೆಸಿದ್ದೇವೆ.

ಗೋಡೆಯ ಥಂಡಿಗೆ ಕಾರಣ ಗೋಡೆಯಲ್ಲಿರಲಿಲ್ಲ, ರಸ್ತೆಯಲ್ಲಿತ್ತು. ಹಳೇ ಟಾರ್ ಕೆರೆಯದೆ ಅದರ ಮೇಲೇ ಟಾರ್ ಹಾಕುತ್ತಾ ಹಾಕುತ್ತಾ ರಸ್ತೆ ಮೇಲೆದ್ದಿದೆ, ಅಂಗಳವನ್ನೂ ಅದರ ಮಟ್ಟಕ್ಕೆ ಏರಿಸಿದ್ದರು. ಮೂರು ಮೆಟ್ಟಿಲಿದ್ದ ಜಗಲಿಗೆ ಎರಡೇ ಉಳಿದಿದ್ದವು. ಒಳಗೆ ಮೂರಡಿ ಎತ್ತರಕ್ಕೆ ಸಿಮೆಂಟ್ ಗಿಲಾವು. ತೇವ ಹೊರಬರಲಾಗದೆ ಅದರ ಹಿಂದೆಯೇ ಹತ್ತಿ ನಾಲ್ಕೂವರೆ ಅಡಿಯಲ್ಲಿ ಉಪ್ಪು ಕಾರುತ್ತಿತ್ತು. ಉಪ್ಪು ಹರಳುಗಟ್ಟುವಾಗ ಇಟ್ಟಿಗೆಯ ಮುಖವನ್ನೇ ಪುಡಿ ಮಾಡುತ್ತದೆ. ಅಂಗಳವನ್ನು 20 ಸೆಂಮೀ ತಗ್ಗಿಸಿ, ಗೋಡೆಯ ಪಕ್ಕ ಜಲ್ಲಿ ತುಂಬಿದ ಕಾಲುವೆ ತೋಡಿ, ಗಿಲಾವು ಕೆರೆದು, ನೆನೆಸಿದ ಕಾಗದದ ಮುದ್ದೆಯನ್ನು ಗೋಡೆಗೆ ಮೆತ್ತಿ ಒಣಗಿದ ಮೇಲೆ ಉಪ್ಪಿನ ಸಮೇತ ಕಿತ್ತರು. ಮೂರು ಸಲ. ಆ ಮುದ್ದೆಗೆ ರದ್ದಿ ಪೇಪರ್ ಕೊಟ್ಟ ಮನೆಗಳು ಮೂವತ್ತಕ್ಕೂ ಹೆಚ್ಚು. ವಾಚನಾಲಯದ ಗೋಡೆಯ ಉಪ್ಪನ್ನು ಹಳೇ ದಿನಪತ್ರಿಕೆಗಳೇ ಎಳೆದವು ಎಂಬುದು ನಮಗೆ ಬಹಳ ಇಷ್ಟವಾದ ಸಂಗತಿ. ಈಗಿನ ಗಿಲಾವು ಸುಣ್ಣ 1 ಪಾಲು, ಮರಳು 1½, ಸುರ್ಕಿ (ಇಟ್ಟಿಗೆ ಪುಡಿ) 1½. ಅದರ ಮೇಲೆ ತೆಳು ಸುಣ್ಣದ ನಾಲ್ಕು ಕೋಟ್. ಕೈಗೆ ಬಿಳಿ ಹತ್ತುತ್ತದೆ, ಒರಗಿ ಕೂರಬೇಡಿ.

ಜಗಲಿಯ ಹೆಂಚಿಗೆ ಹಳೇದನ್ನೇ ಕೊಟ್ಟ ಎರಡು ಮನೆಯವರಿಗೆ ವಿಶೇಷ ವಂದನೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚು ಶುರು ಮಾಡಿದ ಮೇಲೆ ಕಾರ್ಖಾನೆಗಳು ಹಲವಾದವು, ಒಂದೊಂದರ ಹೆಂಚಿನ ಕಚ್ಚುವ ಗೀರೂ ಕೂದಲೆಳೆಯಷ್ಟು ಬೇರೆ. ಬೆರೆಸಿ ಹೊದಿಸಿದರೆ ಒಂದಕ್ಕೊಂದು ಕಚ್ಚುವುದಿಲ್ಲ, ಗಾಳಿಮಳೆಗೆ ನೀರು ಒಳಗೆ ಹೊಡೆಯುತ್ತದೆ. ಹಿಂಬದಿಯ ಮುದ್ರೆ ನೋಡಿ ಬೇರೆ ಮಾಡಿದ ಮಕ್ಕಳು ರಜೆಯಲ್ಲಿ 600 ಹೆಂಚು ವಿಂಗಡಿಸಿದರು. ಮುಂದಿನ ಇಳಿಜಾರಿಗೆ ಒಂದು ಮುದ್ರೆ, ಹಿಂದಿನದಕ್ಕೆ ಇನ್ನೊಂದು. ಕಿಟಕಿಗಳ ಮೇಲಿನ ಮಂಕಿ ಟಾಪ್‌ಗಳ (ಚೂಪು ತಲೆಯ ಮರದ ಮುಚ್ಚಿಗೆ) ಮರದ ಪಟ್ಟಿ ಹನ್ನೆರಡು ಮಾತ್ರ ಹೊಸವು, ಬಣ್ಣ ಹಳೇ ಹಸಿರೇ.

ವೈರಿಂಗ್ ಪೂರ್ತಿ ಹೊಸದು, ಗೋಡೆ ಕೊರೆಯದೆ ಕೇಸಿಂಗ್ ಪಟ್ಟಿಯಲ್ಲಿ. ಕರೆಂಟ್ ಸೋರಿದರೆ ತಾನೇ ಕಡಿದುಬಿಡುವ 30 ಮಿಲಿಆಂಪ್‌ನ ಸ್ವಿಚ್ (ಆರ್‌ಸಿಸಿಬಿ) ಇದೆ. ಮೇಜಿನ ಮೇಲೆ ಓದಲು ಸಾಕಾಗುವಷ್ಟು, 300 ಲಕ್ಸ್ ಬೆಳಕು.

ಇಳಿಜಾರು ದಾರಿ ಬೇಕೆಂದು ಪಟ್ಟು ಹಿಡಿದ, ಗಾಲಿಕುರ್ಚಿಯಲ್ಲಿ ಬರುವ ನಮ್ಮ ಓದುಗರಿಗೆ ತಡವಾದ ಕ್ಷಮೆಯೂ ಕೃತಜ್ಞತೆಯೂ. ಹಳೇ ಕಟ್ಟಡದ ಅಂದ ಕೆಡುತ್ತದೆ ಎಂಬ ನಮ್ಮ ವಾದ ಪೊಳ್ಳಾಗಿತ್ತು. ಅಂಗಳ ತಗ್ಗಿದ ಮೇಲೆ ಜಗಲಿ 45 ಸೆಂಮೀ ಎತ್ತರ. 1ಕ್ಕೆ 12ರ ಇಳಿಜಾರಿಗೆ 5.4 ಮೀಟರ್ ಉದ್ದ ಬೇಕು, ಮೇಲೆ ತಿರುಗಲು ಒಂದೂವರೆ ಮೀಟರ್ ಸಮತಟ್ಟು. ಪಕ್ಕದ ಸಂಪಿಗೆ ಮರದ ಕಡೆಯಿಂದ ತಂದೆವು. ಅದಕ್ಕೆ ಬೇರೆಯೇ ಪಾಯ, ಹಳೇ ಗೋಡೆಗೂ ಅದಕ್ಕೂ ನಡುವೆ 20 ಮಿಮೀ ಸಂದಿ. ನಾಳೆ ತೆಗೆಯಬೇಕೆಂದರೂ ಗೋಡೆಗೆ ಗಾಯವಾಗದು. ಈಗ ಮೊಣಕಾಲು ನೋವಿನ ಅಜ್ಜ ಅಜ್ಜಿಯರೂ ತಳ್ಳುಗಾಡಿಯ ಕೂಸುಗಳೂ ಆ ದಾರಿಯಲ್ಲೇ ಬರುತ್ತಿದ್ದಾರೆ, ಮೆಟ್ಟಿಲು ಹತ್ತುವವರೇ ಕಡಿಮೆ.

ಹತ್ತು ತಿಂಗಳು ಅಟ್ಟದಲ್ಲಿ, ಹಾಲ್‌ನಲ್ಲಿ, ದೇವರಕೋಣೆಯಲ್ಲೂ ಪುಸ್ತಕದ ಪೆಟ್ಟಿಗೆ ಇಟ್ಟುಕೊಂಡವರಿಗೆ, ಧೂಳಿಗೆ ಬಟ್ಟೆ ಒಣಹಾಕಲಾಗದೆ ಬೈದುಕೊಂಡೂ ದೂರು ಕೊಡದ ಅಕ್ಕಪಕ್ಕದವರಿಗೆ ನಮ್ಮ ನಮಸ್ಕಾರ. ಕಡಲೆಕಾಯಿ ಪರಿಷೆಗೆ ಬಂದಾಗ ಒಳಗೆ ಬಂದು ಕೂರಿ. ಸಿಪ್ಪೆ ಮಾತ್ರ ಹೊರಗೆ.

ಮುಂದಿನ ಕೆಲಸ ಇಷ್ಟೇ: ಏಪ್ರಿಲ್ ಕೊನೆಗೊಮ್ಮೆ, ಸೆಪ್ಟೆಂಬರಿನಲ್ಲೊಮ್ಮೆ ತಾರಸಿಯ ಕಿಂಡಿಗಳ ಎಲೆ ತೆಗೆಯಬೇಕು, ಪ್ಯಾರಪೆಟ್ ಸಂದಿಯಲ್ಲಿ ಸಸಿ ಕಂಡರೆ ಎರಡೆಲೆಯಲ್ಲೇ ಚಿವುಟಬೇಕು. ಬಿಲ್ಲೆ ಸಂದಿ ಬಿಟ್ಟಿದ್ದರೆ ತುಂಬಲು ಮಿಕ್ಕ ಸುಣ್ಣ ಹಿತ್ತಲಿನ ತೊಟ್ಟಿಯಲ್ಲಿದೆ. ಮೇಲೆ ನೀರಿರುವವರೆಗೆ ಅದು ವರ್ಷಗಟ್ಟಲೆ ಕೆಡುವುದಿಲ್ಲ. ಆ ಕಡೆ ಹೋದಾಗ ನೀರು ತಗ್ಗಿದ್ದು ಕಂಡರೆ ಒಂದು ಕೊಡ ಸುರಿದುಬಿಡಿ.