ಶನಿವಾರದ ಚರ್ಚೆಗೆ ಮುಂಚೆ ಇದನ್ನು ಓದಿ

ಎಲ್ಲರಿಗೂ ನಮಸ್ಕಾರ. ಕಳೆದ ವಾರ ಆಂಕೋಜೀನ್ (ಕ್ಯಾನ್ಸರ್ ತರಬಲ್ಲ ಜೀನ್) ವಿಷಯದಲ್ಲಿ ತುಂಬಾ ಗೊಂದಲ ಆಯ್ತು, ಅದಕ್ಕೇ ಈ ಮೆಸೇಜ್.

ಆಂಕೋಜೀನ್ ಅಂದರೆ ವೈರಸ್ ಹೊರಗಿಂದ ತಂದು ಹಾಕುವ ವಿಷ ಅಂತ ಕೆಲವರು ಬರೆದಿದ್ದಿರಿ. ಪೂರ್ತಿ ಸರಿಯಲ್ಲ. ಪೇಟನ್ ರೌಸ್ ಎಂಬ ವಿಜ್ಞಾನಿ ಕೋಳಿಯ ಗಡ್ಡೆಯನ್ನು ಅರೆದು, ಜೀವಕೋಶಗಳೇ ಉಳಿಯದಂತೆ ಸೋಸಿ, ಆ ರಸವನ್ನು ಬೇರೆ ಕೋಳಿಗೆ ಚುಚ್ಚಿದಾಗ ಅದಕ್ಕೂ ಗಡ್ಡೆ ಬಂತು. ಇದು 1911ರಲ್ಲಿ ಪ್ರಕಟವಾಯಿತು. ನೊಬೆಲ್ ಸಿಕ್ಕಿದ್ದು 1966ರಲ್ಲಿ, ಪಾಪ! ಆ ರಸದಲ್ಲಿ ಇದ್ದದ್ದು ಒಂದು ವೈರಸ್; ಅದರಲ್ಲಿ ಕಿತಾಪತಿ ಮಾಡುವ ಜೀನ್ ಹೆಸರು ಸಾರ್ಕ್. 1976ರಲ್ಲಿ ವಿಜ್ಞಾನಿಗಳಾದ ಬಿಷಪ್ ಮತ್ತು ವಾರ್ಮಸ್ ತಂಡ ನೋಡಿದರೆ, ಅದರ ಮೂಲ ಆರೋಗ್ಯವಾದ ಕೋಳಿಯ ಜೀವಕೋಶದಲ್ಲೇ ಇತ್ತು! ವೈರಸ್ ಎಂದೋ ಅದನ್ನು ಕದ್ದಿತ್ತು, ಆಮೇಲೆ ಅದು ಕೆಟ್ಟಿತ್ತು. ಅಂಥ ಜೀನ್ ನಮ್ಮಲ್ಲೂ ಇದೆ, ಸುಮ್ನೆ ತನ್ನ ಕೆಲಸ ಮಾಡಿಕೊಂಡು.

ಗರ್ಭಕಂಠದ ಕ್ಯಾನ್ಸರ್ ತರಬಲ್ಲ ಎಚ್‌ಪಿವಿ ವೈರಸ್ಸಿನ ದಾರಿ ಬೇರೆ. ಅದರ ಇ6, ಇ7 ಅದರದ್ದೇ ಜೀನ್‌ಗಳು. ಇ6 ನಮ್ಮ ಪಿ53 ಪ್ರೋಟೀನನ್ನು ನಾಶ ಮಾಡಿಸುತ್ತದೆ, ಇ7 ಆರ್‌ಬಿ ಎಂಬ ಇನ್ನೊಂದು ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ, ಅಂದರೆ ಜೀವಕೋಶದ ಎರಡೂ ಬ್ರೇಕ್ ಹೋದಂತೆ. ಗರ್ಭಕಂಠದ ಗಡ್ಡೆಯೊಂದರಿಂದ ತೆಗೆದು ದಶಕಗಳಿಂದ ಲ್ಯಾಬ್‌ನಲ್ಲಿ ಬೆಳೆಸುತ್ತಿರುವ ಹೀಲಾ ಕೋಶಗಳಲ್ಲಿ ಇರುವುದು ಎಚ್‌ಪಿವಿ 18 ಎಂಬ ಬಗೆ. ಅವುಗಳಲ್ಲಿ ಇ6, ಇ7 ಬಾಯಿ ಮುಚ್ಚಿಸಿದರೆ ಬೆಳವಣಿಗೆ ನಿಲ್ಲುತ್ತದೆ, ಇಷ್ಟು ವರ್ಷಗಳಾದ ಮೇಲೂ. ನನಗೆ ಬಹಳ ಇಷ್ಟವಾದ ಭಾಗ ಇದೇ.

ಎಚ್‌ಪಿವಿ ಸೋಂಕು ತಗಲಿದ ಎಲ್ಲರಿಗೂ ಕ್ಯಾನ್ಸರ್ ಬರಲ್ಲ. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ದೇಹವೇ ಅದನ್ನು ಅಡಗಿಸುತ್ತದೆ. ಹಾಗಾಗಿ ‘ಕ್ಯಾನ್ಸರ್ ಅಂಟುತ್ತೆ’ ಅನ್ನೋ ಫಾರ್ವರ್ಡ್ ಮತ್ತೆ ಇಲ್ಲಿ ಹಾಕಬೇಡಿ. ಪ್ರಶ್ನೆಗಳಿದ್ದರೆ ಶುಕ್ರವಾರ ರಾತ್ರಿಯೊಳಗೆ ಕಳಿಸಿ.