ಪ್ಯಾನೆಲ್ ವಕೀಲೆಯಾದ ಮಗಳಿಗೆ

ಪ್ರೀತಿಯ ಮಗಳೇ,

ತಾಲ್ಲೂಕು ಕಾನೂನು ಸೇವಾ ಸಮಿತಿಯ ಪ್ಯಾನೆಲ್‌ಗೆ ಸೇರಿದ್ದೀಯ. ಮೊದಲು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಬಾಯಿಗೆ ಬರಲಿ. ಉಚಿತ ಕಾನೂನು ನೆರವು ಪಡೆಯಲು ಹೆಂಗಸರಿಗೆ ಆದಾಯದ ಮಿತಿ ಇಲ್ಲ, ಕೇಸಿನಲ್ಲಿ ಮೇಲ್ನೋಟಕ್ಕೆ ಹುರುಳಿದ್ದರೆ ಸಾಕು. ಆದಾಯ ಪ್ರಮಾಣಪತ್ರ ತನ್ನಿ ಎಂದು ಯಾರಾದರೂ ಅವರನ್ನು ವಾಪಸ್ ಕಳಿಸಿದರೆ ಕಲಂ ತೋರಿಸು.

ಬಡವರ ಸಿವಿಲ್ ಕೇಸು ವಾದಕ್ಕೆ ಬರುವ ಮೊದಲೇ ತಾರೀಖಿನಲ್ಲಿ ಸೋತಿರುತ್ತದೆ. "ನಮಗೆ ಗೊತ್ತಿಲ್ಲದೆ ಡಿಕ್ರಿ ಆಗಿದೆಯಂತೆ" ಎಂದು ಬಂದವರಿಂದ ವಕಾಲತ್ತಿಗೆ ಸಹಿ ಪಡೆದ ಕೂಡಲೇ ಮೂಲ ದಾವೆಯ ಕಡತ ತೆಗೆಸಿ ಸಮನ್ಸಿನ ಮೇಲೆ ಜಾರಿ ಮಾಡಿದವನು ಬರೆದ ಷರಾ ಓದು. "ಮನೆಗೆ ಬೀಗ, ಬಾಗಿಲಿಗೆ ಅಂಟಿಸಿದೆ" ಎಂದಿದ್ದರೆ, ಮನೆ ಗುರುತಿಸಿದವರ ಮತ್ತು ಅಂಟಿಸುವಾಗ ಇದ್ದವರ ಹೆಸರು, ವಿಳಾಸ ಇರಬೇಕು. ಪಾಲಿನ ದಾವೆಯಲ್ಲಿ ಇನ್ನೊಂದು ಆಟ ಉಂಟು: ಅಕ್ಕತಂಗಿಯರಿಗೆ ತವರಿನ ವಿಳಾಸ ಕೊಟ್ಟು, ಸಮನ್ಸನ್ನು ಅಣ್ಣನೇ ಪಡೆದು ಸಹಿ ಹಾಕುವುದು. ಮನೆಯವರ ಕೈಗೆ ಕೊಟ್ಟ ಸಮನ್ಸ್ ಊರ್ಜಿತವಾಗಬೇಕಾದರೆ ಅವರು ಪ್ರತಿವಾದಿಯ ಜೊತೆ ವಾಸವಿರಬೇಕು. ಗಂಡನ ಊರಿನ ರೇಷನ್ ಕಾರ್ಡು, ಮತದಾರರ ಪಟ್ಟಿ ಇಲ್ಲಿ ಕೆಲಸಕ್ಕೆ ಬರುತ್ತವೆ.

ಪ್ರತಿವಾದಿಯ ಗೈರಿನಲ್ಲಿ ಆದ ಡಿಕ್ರಿಯನ್ನು (ಕೋರ್ಟಿನ ತೀರ್ಮಾನವನ್ನು) ರದ್ದು ಮಾಡಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 9, ನಿಯಮ 13ರ ಅರ್ಜಿಗೆ ಡಿಕ್ರಿಯ ದಿನದಿಂದ 30 ದಿನ. ಸಮನ್ಸ್ ಸರಿಯಾಗಿ ಜಾರಿಯಾಗಿರದಿದ್ದರೆ ಡಿಕ್ರಿ ಗೊತ್ತಾದ ದಿನದಿಂದ 30. ಹಾಗಾಗಿ ಅಫಿಡವಿಟ್ಟಿನಲ್ಲಿ "ಇತ್ತೀಚೆಗೆ ತಿಳಿಯಿತು" ಎಂದು ಬರೆದೀಯೆ ಜೋಕೆ! ಪಹಣಿ ತೆಗೆಸಿದಾಗ ತಿಳಿದಿದ್ದರೆ ದಿನಾಂಕ ಮುದ್ರಿತವಾದ ಆ ಪಹಣಿಯನ್ನೇ ಲಗತ್ತಿಸು. ಜಾರಿಯಲ್ಲಿ ಲೋಪವಿದ್ದರಷ್ಟೇ ಸಾಲದು. ಪ್ರತಿವಾದಿಗೆ ವಿಚಾರಣೆಯ ತಾರೀಖು ಮೊದಲೇ ಗೊತ್ತಿತ್ತು ಎಂದು ಕೋರ್ಟಿಗೆ ಮನವರಿಕೆಯಾದರೆ ಅರ್ಜಿ ವಜಾ. ಅದನ್ನು ಕಕ್ಷಿದಾರರ ಬಾಯಿಂದ ಮೊದಲೇ ಕೇಳಿಕೋ. ಅವಧಿಯ ಬಗ್ಗೆ ಅನುಮಾನವಿದ್ದರೆ ವಿಳಂಬ ಮನ್ನಾ ಅರ್ಜಿಯೂ ಜೊತೆಗಿರಲಿ. ಡಿಕ್ರಿಯ ಅಮಲ್ಜಾರಿ ನಡೆಯುತ್ತಿದ್ದರೆ ತಡೆಯಾಜ್ಞೆ ಅದೇ ದಿನ ಕೇಳು.

ಲೋಕ ಅದಾಲತ್ತಿನ ರಾಜಿಗೆ ಡಿಕ್ರಿಯ ಬಲವಿದೆ, ಮೇಲ್ಮನವಿ ಇಲ್ಲ. ಆ ದಿನದ ಗಡಿಬಿಡಿಯಲ್ಲಿ "ಅರ್ಧ ಎಕರೆ ಬಿಟ್ಟುಕೊಡುವುದು" ಎಂದಷ್ಟೇ ಬರೆದರೆ ಯಾವ ಅರ್ಧ ಎಂದು ಮುಂದೆ ಮತ್ತೊಂದು ಜಗಳ. ಸರ್ವೆ ನಂಬರ್, ವಿಸ್ತೀರ್ಣ, ನಾಲ್ಕೂ ದಿಕ್ಕಿನ ಚಕ್ಕುಬಂದಿ, ಕೊಡುವ ದಿನಾಂಕ, ಎಲ್ಲ ಪಾಲುದಾರರ ಸಹಿ ಇರಬೇಕು. ಬರೆದದ್ದನ್ನು ಕಕ್ಷಿದಾರರಿಗೆ ಗಟ್ಟಿಯಾಗಿ ಓದಿ ಹೇಳಿದ ಮೇಲೆಯೇ ಸಹಿ.

ಮುಂದಿನ ತಾರೀಖನ್ನು ಬಾಯಲ್ಲಿ ಹೇಳಿ ಕಳಿಸಬೇಡ. ಕೋರ್ಟ್ ಹಾಲ್, ಕೇಸ್ ನಂಬರ್, ಪ್ರತಿ ಕೇಸಿಗೂ ಬೇರೆಯಾಗಿರುವ 16 ಅಕ್ಷರದ ಸಿಎನ್‌ಆರ್ ಗುರುತಿನ ಸಂಖ್ಯೆ ಬರೆದು ಚೀಟಿ ಕೊಡು. ಊರಿನ ಯಾವ ಹುಡುಗನಾದರೂ ಕೋರ್ಟುಗಳ ಇಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿ ನೋಡಿ ಹೇಳುತ್ತಾನೆ.

ನಿನ್ನ ಅಮ್ಮ